ಕೊನೇ ಭಾಗ

ಬೆಳಗಿನ ಜಾವ ಎಬ್ಬಿಸಿ ಅಂಚಿಗೆ ಕೂರಿಸಿದರು.
ಮಂಚದ ಮೇಲೆ ಮಂಚಯ್ಯ, ಅಂದಳು ಸಿಸ್ಟರ್ ಜೆಸಿಂತ,
ಹೆಸರಿನ ಪಟ್ಟಿ ಕೈಗೆ ಕಟ್ಟುತ್ತ.
ನಗು ಬಂತು. ನಗಲಿಲ್ಲ.

ದಿಂಬು ತಬ್ಬಿಕೊಳ್ಳಿ, ಬೆನ್ನು ಬಾಗಲಿ,
ನಾಟಿಗೆ ಬಗ್ಗಿದ ಹಾಗೆ, ಅಂದರು ಡಾಕ್ಟರ್ ತಬಸ್ಸುಮ್.
ನಾನು ನಾಟಿ ಹಾಕಿದವನಲ್ಲ ತಾಯಿ,
ನಾಟಿಗೆ ನೀರು ಬಿಟ್ಟವನು.
ಮಂಡ್ಯದ ಕಡೆ ಮೂವತ್ತೊಂದು ವರ್ಷ ಸವುಡಿ,
ನಾಲೆ ಏರಿಯ ಮೇಲೆ ಸೈಕಲ್ಲು,
ಸೊಂಟದಲ್ಲಿ ತೂಬಿನ ಬೀಗದ ಕೈ.

ಸ್ಪಿರಿಟ್ಟಿನ ತಂಪು. ಕಟ್ಟಿರುವೆ ಕಡಿದಂತೆ ಒಂದು ಚುಚ್ಚು.
ಆಮೇಲೆ ಎರಡು ರೆಕ್ಕೆಮೂಳೆಗಳ ನಡುವೆ
ಯಾರೋ ಹೆಬ್ಬೆಟ್ಟಿನಿಂದ ಕದ ಒತ್ತಿದಂತೆ.
ಮಿಸುಕಬೇಡಿ.
ನಾನಿರಲಿ, ಗೋಡೆಯ ಗಡಿಯಾರವೂ ಮಿಸುಕಲಿಲ್ಲ.
ಕುದುರೆಬಾಲದ ಕೂದಲಿನಷ್ಟು ಸಣ್ಣ ಕೊಳವೆ
ಒಳಗೆ ಹೋಗಿ ಅಲ್ಲೇ ತಂಗಿತು;
ಉಳಿದದ್ದು ಬೆನ್ನುದ್ದ ಹತ್ತಿ, ಹೆಗಲು ದಾಟಿ,
ಜನಿವಾರ ಕಾಣದ ಮೈಗೆ
ಅರವತ್ತಾರನೇ ವಯಸ್ಸಲ್ಲಿ ಒಂದೆಳೆ.

ಎದೆಯ ನೋವು ತಲೆಗೆ ಹೋಗುವ ದಾರಿಯಲ್ಲಿ
ಮದ್ದು ಬಿಡುತ್ತೀವಿ, ಅಂದರು.
ನಿದ್ದೆಯ ಮದ್ದು ಬೇರೆ, ಇದು ಬೇರೆ.
ನೀವು ಎದ್ದ ಮೇಲೂ ಇದು ಕೆಲಸ ಮಾಡುತ್ತೆ.
ತೂಬು ಇಳಿಸುತ್ತೀರಿ ಅನ್ನಿ, ಅಂದೆ.
ಹಾಗೇ ಅಂದುಕೊಳ್ಳಿ.

ಗರಗಸದ ಸದ್ದು ನಾನು ಕೇಳಲಿಲ್ಲ.
ಗುಂಡಿಗೆಯ ಮೇಲೆ ಯಾರ್ಯಾರ ಕೈ ಓಡಾಡಿತೋ.
ಎಚ್ಚರವಾದಾಗ ಎದೆ ಇತ್ತು,
ಬೇರೆಯವರ ಮನೆಯ ಬಾಗಿಲಿನಂತೆ, ಮುಚ್ಚಿಕೊಂಡು.
ಕೆಮ್ಮಿ, ಅಂದಳು ಜೆಸಿಂತ, ಟವೆಲ್ಲು ಸುತ್ತಿ ಎದೆಗೆ ಒತ್ತಿ.
ಪಕ್ಕದ ಹಾಸಿಗೆಯ ಮೇಷ್ಟ್ರು
ಕೆಮ್ಮೆಂದರೆ ಕಣ್ಣು ಮುಚ್ಚಿ ಮನೆದೇವರನ್ನು ಕರೆಯುವರು;
ನನಗೆ ಅದು ಬರೀ ಕೆಮ್ಮು.
ಉಸಿರೆಳೆದರೆ ಡಬ್ಬಿಯ ಮೂರೂ ಚೆಂಡು ಮೇಲೆ.

ಹೊತ್ತು ಹೊತ್ತಿಗೆ ಮಂಜುಗಡ್ಡೆ ತಂದು
ಮೈಮೇಲೆ ಗೆರೆ ಎಳೆಯುವಳು.
ತಣ್ಣಗಿದೆಯಾ? ಇಲ್ಲ. ಇಲ್ಲಿ? ಇಲ್ಲ.
ಇಲ್ಲಿ? ಹ್ಞೂಂ, ಹೊಕ್ಕಳ ಹತ್ತಿರ ತಣ್ಣಗೆ.
ಮದ್ದಿನ ಎಲ್ಲೆ ಅಲ್ಲಿಗೆ.
ಪೆನ್ನಿನಲ್ಲಿ ಗುರುತು ಹಾಕಿ ಹೋಗುವಳು.

ಎರಡನೇ ರಾತ್ರಿ ಕಾಲು ಕೂಗಿತು.
ಎಡಗಾಲು, ಮಂಡಿಯಿಂದ ಹಿಮ್ಮಡಿವರೆಗೆ,
ನರ ಬಿಡಿಸಿ ಗುಂಡಿಗೆಗೆ ಕಟ್ಟಿದರಲ್ಲ, ಆ ಗಾಯ.
ಎದೆ ಸೀಳಿದ್ದಕ್ಕೆ ಇಲ್ಲದ ನೋವು
ಕಾಲಿಗೆ ಯಾಕಮ್ಮ?
ಬೆನ್ನಿನ ಮದ್ದು ಅಲ್ಲಿಗೆ ತಲುಪಲ್ಲ ತಾತ,
ಅದು ತೀರಾ ಕೆಳಗೆ.
ಕೊನೇ ಭಾಗ, ಅಂದೆ.
ಅವಳಿಗೆ ತಿಳಿಯಲಿಲ್ಲ. ಬೇರೆ ಮಾತ್ರೆ ತರಲು ಹೋದಳು.

ಆ ಹತ್ತು ನಿಮಿಷ
ಗಾಜಿನಾಚೆ ಮೈಸೂರಿನ ದೀಪ,
ಈಚೆ ಹದಿನೇಳನೇ ತೂಬು.
ತೂಬಿನಿಂದ ಎಷ್ಟೋ ಕೆಳಗೆ ಸಣ್ಣತಾಯಮ್ಮನ ಇಪ್ಪತ್ತು ಗುಂಟೆ.
ನಡುರಾತ್ರಿ ಲಾಟೀನು ಹಿಡಿದು ಏರಿ ಹತ್ತಿ ಬರುವಳು:
ಮೇಲಿನೋರ್ಗೆ ಮಂಡಿಯುದ್ದ ನಿಂತದೆ ಕಣಣ್ಣ,
ನಮ್ಗೆ ಕಾಲು ತೊಳೆಯೋಕೂ ಇಲ್ಲ.
ಬತ್ತದೆ ಹೋಗು, ಸರದಿ ಬತ್ತದೆ, ಅನ್ನುವೆ,
ಬೀಗದ ಕೈ ಸೊಂಟದಲ್ಲಿಟ್ಟುಕೊಂಡೇ.
ಸುಳ್ಳಲ್ಲ. ನಿಜವೂ ಅಲ್ಲ.
ತೂಬಿನ ಹತ್ತಿರ ನಿಂತವನಿಗೆ
ನಾಲೆ ಸದಾ ತುಂಬಿಯೇ ಕಾಣುತ್ತೆ.
ಒಂದು ಸಲವಾದರೂ ಅವಳ ಹಿಂದೆ
ಲಾಟೀನಿನ ಬೆಳಕಲ್ಲಿ ಇಳಿದು ಹೋಗಿ ನೋಡಿದ್ದರೆ

ಮಾತ್ರೆ ಬಂತು.
ಅರ್ಧ ಗಂಟೆಗೆ ಕಾಲು ಮಾತು ಕಡಿಮೆ ಮಾಡಿತು,
ನಿಲ್ಲಿಸಲಿಲ್ಲ.
ಬೆಳಗಿನವರೆಗೂ ಕೇಳಿಸಿಕೊಂಡೆ.

ನಾಲ್ಕನೇ ದಿನ ಡಾಕ್ಟರೇ ಬಂದು ಕೊಳವೆ ಎಳೆದರು,
ಮುದ್ದೆಯಿಂದ ಕೂದಲು ತೆಗೆದ ಹಾಗೆ, ಅಷ್ಟೇ.
ತುದಿ ಪೂರ್ತಿ ಬಂದಿದೆಯೇ ಎಂದು ಬೆಳಕಿಗೆ ಹಿಡಿದರು.
ಸಂಜೆಗೆ ಎದೆ ತನ್ನದನ್ನು ಹೇಳತೊಡಗಿತು,
ಮೆಲ್ಲಗೆ, ತೂಬು ಎತ್ತಿದ ಮೇಲೆ
ಒಣಕಾಲುವೆಯ ತರಗೆಲೆ ತಳ್ಳಿಕೊಂಡು
ಮೊದಲ ನೀರು ತೆವಳುವ ಹಾಗೆ.
ನೋವಾ ತಾತ? ಅಂದಳು ಜೆಸಿಂತ.
ಬಂತು, ಅಂದೆ.