ಪಕ್ಕದ ಮನೆ ನೀರು

ಬರಲ್ಲ ಅಂದಿದ್ದ ಸಿದ್ದಾಪುರದ ನರ್ಸರಿಯವನು.
'ತಗೊಳ್ಳೋದಾದ್ರೆ ತಗೊಳ್ಳಿ ಮೇಡಂ, ಗ್ಯಾರಂಟಿ ಕೊಡಲ್ಲ.
ಬ್ಲೂಬೆರ್ರಿ ಚಳಿ ಸೀಮೇದು, ನಿಮ್ಮ ತಾರಸಿ ಕಾದ ಹೆಂಚು.'
ಏಳುನೂರು ಕೊಟ್ಟು ತಂದೆ. ಮೊಣಕಾಲುದ್ದ,
ಎಣಿಸಿದರೆ ಮೂವತ್ತು ಎಲೆ.

ಪೇಂಟಿನ ಬಕೆಟ್ಟು, ತಳಕ್ಕೆ ಕಾದ ಕಂಬಿಯಲ್ಲಿ ಹನ್ನೊಂದು ತೂತು.
ತೆಂಗಿನ ನಾರಿನ ಪುಡಿ, ಶಾಲೆಯ ಹಿಂದೆ
ಸರ್ವೆ ಮರದಡಿ ಗುಡಿಸಿ ತಂದ ಒಣ ಸೂಜಿ. ಮಣ್ಣು ಹೆಸರಿಗಷ್ಟೆ.
ನಾನು ಲ್ಯಾಬ್ ಅಟೆಂಡರು, ಇಪ್ಪತ್ತಾರು ವರ್ಷ
ಮಕ್ಕಳು ಒಡೆದ ಪಿಪೆಟ್ಟುಗಳ ಲೆಕ್ಕ ಬರೆದವಳು;
ಹುಳಿಗೂ ಸುಣ್ಣಕ್ಕೂ ಇರುವ ಹಗೆ
ನನ್ನ ಬೆರಳಿಗೆ ಗೊತ್ತು.

ಈ ಗಿಡಕ್ಕೆ ಹುಳಿ ಬೇಕು. ನಮ್ಮ ಬೋರು ಕೊಡುವುದು ಸುಣ್ಣ:
ಒಂಬೈನೂರು ಅಡಿಯಿಂದ ಎದ್ದು ಬಂದು
ಪಾತ್ರೆಗೆ ಬಿಳಿ ಬಳಿದು, ಷವರಿನ ಕಣ್ಣು ಮುಚ್ಚಿಸಿ,
ಕೂದಲನ್ನು ನಾರು ಮಾಡುವ ನೀರು.
ಒಂದು ತಿಂಗಳು ಅದನ್ನೇ ಕುಡಿಸಿದೆ.
ಎಲೆ ಹಳದಿಗಟ್ಟಿತು, ನರ ಮಾತ್ರ ಹಸಿರು,
ಮುದುಕಿಯ ಮುಂಗೈ ಹಾಗೆ.
ನಿಂಬೆ ಹಿಂಡಿದೆ, ವಿನೆಗರ್ ಚಮಚೆಯಲ್ಲಿ ಅಳೆದೆ,
ಅವಧಿ ಮುಗಿದ ಲಿಟ್ಮಸ್ ಚೀಟಿ ಅದ್ದಿ ನೋಡಿದೆ.
ನೀಲಿ ನೀಲಿಯಾಗೇ ಉಳಿಯಿತು, ಹಟಮಾರಿ.

ಆಗ ಕೇಳಿಸಿತು ಗೋಡೆಯಾಚೆ: ತೊಟ್. ತೊಟ್.
ಫಿಲೋಮಿನಕ್ಕನ ಮನೆಯ ಏಸಿಯ ಕೊಳವೆ.
ಶಿವರಾತ್ರಿ ಕಳೆದದ್ದೇ ಹಗಲೂ ರಾತ್ರಿ ಓಡುತ್ತಿತ್ತು,
ಚೌರಪ್ಪನವರಿಗಾಗಿ. ನಲವತ್ತು ವರ್ಷ
ಬೇಕರಿ ಒಲೆಯ ಬಾಯೊಳಗೆ ಕೈಯಿಟ್ಟು ದುಡಿದವರು,
ಈಗ ಕಿಟಕಿಯ ಬಿಸಿಲು ಸೋಕಿದರೂ ಉಬ್ಬಸ.
ಗಾಳಿಯಿಂದ ಹಿಂಡಿದ ನೀರು, ಉಪ್ಪಿಲ್ಲ, ಸುಣ್ಣವಿಲ್ಲ.
ಕೊಳವೆಗೊಂದು ಕೊಳವೆ ಸಿಕ್ಕಿಸಿ
ನಮ್ಮ ಕಡೆ ತಿರುಗಿಸಿಕೊಟ್ಟರು ಅಕ್ಕ.
'ಚೆಲ್ಲಿ ಹೋಗೋ ನೀರಮ್ಮ, ಅದಕ್ಕೇನು ಕೇಳ್ತೀಯ.'

ಲಿಂಗರಾಜಪುರದ ಏಪ್ರಿಲ್. ತಾರಸಿ ಅಂಗಾಲು ಕಚ್ಚುತ್ತದೆ.
ಬಕೆಟ್ಟಿಗೆ ಒದ್ದೆ ಗೋಣಿ ಸುತ್ತಿದೆ, ಮೇಲೆ
ನನ್ನ ಹಳೆಯ ವಾಯಲ್ ಸೀರೆಯ ಚಪ್ಪರ.
ಎಷ್ಟು ಬಿಸಿಲೋ ಅಷ್ಟು ಏಸಿ, ಎಷ್ಟು ಏಸಿಯೋ ಅಷ್ಟು ನೀರು;
ಬೀದಿಯೆಲ್ಲ ಟ್ಯಾಂಕರಿಗೆ ಬಿಂದಿಗೆ ಹಿಡಿದು ನಿಂತಾಗ
ನನ್ನ ಗಿಡ ಒಬ್ಬರ ಉಬ್ಬಸದ ಮೇಲೆ ಚಿಗುರುತ್ತಿತ್ತು.
ಇದು ಹೊಳೆದದ್ದು ಆಮೇಲೆ.

ಯುಗಾದಿಗೇ ಬಂದಿತ್ತು ಹೂ: ಸಣ್ಣ ಗಂಟೆ, ಬಿಳಿ, ಬಾಯಿ ಕೆಳಗೆ.
ಚೌರಪ್ಪನವರು ಕಿಟಕಿ ಬೆರಳಷ್ಟು ತೆರೆದು ಕೇಳುವರು,
'ಏನಾಯ್ತು ನಮ್ಮ ಹಣ್ಣು?
ಕೇಕಿನ ಮೇಲೆ ಸಾವಿರ ಸಲ ಸುರಿದಿದೀನಿ, ಡಬ್ಬೀದು,
ಬರೀ ಬಣ್ಣ, ಸಕ್ಕರೆ. ನಿಜವಾದ್ದು ಹೆಂಗಿರತ್ತೋ.'

ಹದಿನೇಳು ಕಾಯಿ. ಎರಡು ಪಿಕಳಾರದ ಪಾಲು.
ಮೇ ಮುಗಿಯುವ ಹೊತ್ತಿಗೆ ಹದಿನೈದೂ ನೀಲಿ,
ಮೇಲೆ ವಿಭೂತಿ ಉದುರಿದಂತೆ ಬೂದು.
ನರ್ಸರಿಯವನು ಹೇಳಿದ್ದ: ನೀಲಿಯಾಯ್ತು ಅಂತ ಕೀಳಬೇಡಿ,
ಇನ್ನೊಂದು ವಾರ ಬಿಡಿ, ಆಗ ಸಿಹಿ.
ಬಿಟ್ಟೆ. ಸೂಚನೆ ಮೀರಿದವಳಲ್ಲ ನಾನು.

ಐದನೆಯ ಬೆಳಿಗ್ಗೆ ಕೊಡದಲ್ಲಿ ನೀರಿಲ್ಲ.
ಕೊಳವೆ ಕಟ್ಟಿದೆಯೇನೋ ಎಂದು ಊದಿ ನೋಡಿದೆ.
ಆಮೇಲೆ ಗೋಡೆಯಾಚೆ ಕುರ್ಚಿ ಎಳೆಯುವ ಸದ್ದು,
ಬಹಳ ಕುರ್ಚಿಗಳು.

ಮಣ್ಣು ಮಾಡಿ ಬಂದ ನಾಲ್ಕನೆಯ ರಾತ್ರಿ
ಮಳೆ ಬಂದು ಊರು ತಣ್ಣಗಾಗಿತ್ತು.
ಹೊದ್ದು ಮಲಗಿದ್ದೆ. ತೊಟ್. ತೊಟ್.

ಬೆಳಿಗ್ಗೆ ಕಿತ್ತು ಸ್ಟೀಲ್ ಬಟ್ಟಲಲ್ಲಿ ಕೊಂಡುಹೋದೆ.
ಫಿಲೋಮಿನಕ್ಕ ಶಾಲು ಹೊದ್ದಿದ್ದರು, ಒಳಗೆ ಏಸಿ ಹದಿನೆಂಟು.
'ಆ ಸದ್ದಿಲ್ಲದೆ ನಿದ್ದೆ ಹತ್ತಲ್ಲ ಕಣೆ ವೆಂಕಟಲಕ್ಷ್ಮಿ.'
ಒಂದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.
'ಇದಕ್ಕೆ ನಮ್ಮ ನೇರಳೇನೇ ವಾಸಿ,' ಅಂದರು,
ಇನ್ನೊಂದು ತಗೊಂಡರು.

ಮರಳಿದ ಬಟ್ಟಲಲ್ಲಿ ಒಡೆದ ಹಣ್ಣಿನ ಕೆನ್ನೇರಳೆ ಕಲೆ.
ತೊಳೆಯಲು ಬೋರಿನ ನಲ್ಲಿ ಬಿಟ್ಟೆ,
ಕಲೆ ಮಸಿನೀಲಿಗೆ ತಿರುಗಿತು.
ಚೀಟಿಯಿಲ್ಲದೆಯೇ ಹಣ್ಣು ನಮ್ಮ ನೀರನ್ನು ಓದಿತ್ತು.

ಬೇರು ತೂತಿನಿಂದ ಇಣುಕಿದೆ.
ದೊಡ್ಡ ಬಕೆಟ್ಟು ನೋಡಬೇಕು.