ಒಡೆಯುವುದೋ, ಬಿಚ್ಚುವುದೋ

ಏಪ್ರಿಲ್ ಬಂದರೂ ಡುಲೂತಿನ ಬಂದರಿನಲ್ಲಿ ಮಂಜುಗಡ್ಡೆ.
ಶಾಲೆಯ ಬಸ್ಸನ್ನು ಶೆಡ್ಡಿಗೆ ಬಿಟ್ಟು
ಡ್ರೈವರ್ ಕೋಟಿನಲ್ಲೇ ಬಂದು ನಿಂತಿದ್ದೇನೆ
ಎಸ್ಕಿಲ್‌ನ ಕಬ್ಬಿಣದಂಗಡಿಯಲ್ಲಿ.
ಕೈಯಲ್ಲಿ ಚೀಟಿ. ಚೀಟಿಯಲ್ಲಿ ಎರಡೇ ಪದ:
ಬಚ್ಚಲ ಗೋಡೆ.

ಮೊಳೆಗೆ ನೇತುಬಿದ್ದಿವೆ ಸಾಲಾಗಿ—
ಹಾರೆ, ನನ್ನ ಭುಜದೆತ್ತರ;
ಅದರ ಹಸಿವಿಗೆ ಒಂದು ಗೋಡೆ ಎಲ್ಲಿ ಸಾಕು, ಇಡೀ ಮನೆ ಬೇಕು.
ಚಪ್ಪಟೆ ಮೀಟುಗೋಲು, ಚಾಡಿಕೋರನ ನಾಲಗೆಯ ಹಾಗೆ
ಎಲ್ಲಿ ಬೇಕಾದರೂ ತೂರುವಂಥದು.
ಎಂಟು ಪೌಂಡಿನ ಸುತ್ತಿಗೆ, ಮೂಕ.
ಕೊನೆಯಲ್ಲಿ ಅದು:
ಎಲ್ಲವೂ ನಾನೇ ಎನ್ನುವ ಒಂದು.

ಒಂದು ತುದಿಗೆ ಸುತ್ತಿಗೆ. ಸುತ್ತಿಗೆಯ ಬೆನ್ನಿಗೆ ದವಡೆ,
ಮರದ ಪಟ್ಟಿಯನ್ನು ಕಚ್ಚಿ ತಿರುಚಲು.
ಇನ್ನೊಂದು ತುದಿಗೆ ಉಳಿ. ಉಳಿಯ ನಡುವೆ ಸೀಳು,
ಮೊಳೆಯ ಕುತ್ತಿಗೆಗೆ.
ಹಿಡಿಯ ಹತ್ತಿರ ಒಂದು ತೂತು,
ಬಿಯರ್ ಸೀಸೆಗಂತೆ.

ಎಲ್ಲ ಬಲ್ಲವರ ಮೇಲೆ ನನಗೆ ಮೊದಲಿಂದಲೂ ಗುಮಾನಿ.
ನನ್ನ ಮೊದಲ ಗಂಡ ಹಾಗಿದ್ದ:
ಕೊಳಾಯಿ, ಗಿಟಾರು, ತೆರಿಗೆಯ ಲೆಕ್ಕ.
ಮೂರೂ ಸೋರುತ್ತಿದ್ದವು.

ಎಸ್ಕಿಲ್‌ಗೆ ಎಡಗೈ ಹೆಬ್ಬೆರಳು ಅರ್ಧ.
ಉಳಿದರ್ಧವನ್ನು ತೋರಿಸುತ್ತ ಕೇಳಿದ:
ಗೋಡೆ ಯಾವುದು?
ಗಾರೆ. ಹಿಂದೆ ಮರದ ಪಟ್ಟಿ. ನನ್ನಜ್ಜಿಯ ವಯಸ್ಸು.
ಒಡೆಯುವುದೋ, ಬಿಚ್ಚುವುದೋ?
ಏನು ಫರಕು?
ಒಡೆಯುವುದಕ್ಕೆ ಸಿಟ್ಟಿದ್ದರೆ ಸಾಕು, ಯಾವುದನ್ನಾದರೂ ಒಯ್ಯಿ.
ಬಿಚ್ಚುವುದಾದರೆ
ಎತ್ತಿ ನೋಡು.

ಎತ್ತಿದೆ. ತೂಕವೆಲ್ಲ ತಲೆಯಲ್ಲಿ.
ಮೊದಲ ಏಟಿಗೆ ಎಲ್ಲವೂ ಹಗುರ, ಅಂದ,
ನಾನೂರನೆಯ ಏಟನ್ನು ನೆನೆದು ಹಿಡಿ.
ನಾನು ಮೂವತ್ತಿಂಚಿನದಕ್ಕೆ ಕೈ ಹಾಕಿದ್ದೆ. ತಲೆಯಾಡಿಸಿದ:
ಕಂಬಕ್ಕೂ ಕಂಬಕ್ಕೂ ನಡುವೆ ಹದಿನಾಲ್ಕೂವರೆ ಇಂಚು,
ಅಷ್ಟುದ್ದದ್ದನ್ನು ಎಲ್ಲಿ ತಿರುಗಿಸ್ತೀಯ?
ಗಿಡ್ಡದ್ದೇ ಕೊಟ್ಟ. ಐವತ್ತನಾಲ್ಕು ಡಾಲರ್.
ಸನ್ನೆಯ ಮರ್ಮ ಬಲ್ಲೆಯಾ, ಎಂದ ಚಿಲ್ಲರೆ ಎಣಿಸುತ್ತ.
ಇಪ್ಪತ್ತೆರಡು ವರ್ಷ ಬಸ್ಸಿನ ಬಾಗಿಲಿಗೆ
ಸನ್ನೆ ಎಳೆದವಳನ್ನು ಕೇಳುವ ಮಾತೇ?

ಶನಿವಾರ. ನೀರು ಬಂದ್, ಕರೆಂಟು ಬಂದ್.
ಪಕ್ಕದ ಮನೆಯ ಸಿಗ್ನೆ ಬಂದಳು, ಗಂಟೆಗೆ ಹನ್ನೆರಡು ಡಾಲರಿಗೆ,
ಮುಖವಾಡ, ಕನ್ನಡಕ, ಅವರಪ್ಪನ ಬೂಟು.
ಮೊದಲು ನಾಲ್ಕು ತಿರುಪು ತೆಗೆದು
ಕನ್ನಡಿ ಕಪಾಟನ್ನು ಕೆಳಗಿಳಿಸಿದೆವು.
ಅದರ ಬೆನ್ನಲ್ಲಿ ಒಂದು ಸೀಳು, ಕಣ್ಣು ಕಿರಿದು ಮಾಡಿದ ಹಾಗೆ.

ಆಮೇಲೆ ಗಾರೆ. ದವಡೆ ಪಟ್ಟಿಯನ್ನು ಕಚ್ಚಿತು,
ಮಣಿಕಟ್ಟು ತಿರುಗಿತು, ಮೊಳೆ ಕೀರಲಿತು.
ನಿಜ ಹೇಳಬೇಕು: ಬಲ್ಲೆ ಅಂದದ್ದನ್ನೆಲ್ಲ ಅದು ಬಲ್ಲುದು.
ಒಡೆಯುವವಳೇ ಒಡತಿ, ಎಂದು ಬೀಗುತ್ತಿದ್ದೆ.
ಆಗ ಗೋಡೆಯೊಳಗಿಂದ
ಜಲಜಲನೆ ಸುರಿಯಿತು.

ಬ್ಲೇಡುಗಳು.
ದಾಡಿಯ ಬ್ಲೇಡುಗಳು, ತುಕ್ಕು, ಒಣಗಿದ ಎಲೆಯ ಬಣ್ಣ,
ಮಂಡಿಯೆತ್ತರದಿಂದ ನನ್ನ ಬೂಟಿನ ತನಕ.
ಆ ಸೀಳಿಗೆ ಹಾಕಿದರಾಯಿತು, ಕಾಣೆಯಾಗುತ್ತಿತ್ತು;
ಎಲ್ಲಿಗೆ ಹೋಯಿತೆಂದು
ಯಾರೂ ಕೇಳಿದವರಲ್ಲ, ಇಷ್ಟು ವರ್ಷ.
ಸಿಗ್ನೆ ನೂರರವರೆಗೆ ಎಣಿಸಿ ಬಿಟ್ಟಳು.

ಅದಿರು ಹಡಗಿಗೆ ಹೊರಟವನ ಗಲ್ಲ,
ಮದುವೆಗೆ ಹೊರಟವನದು, ಹೆಣ ಹೊರಲು ಹೊರಟವನದು,
ಮೊದಲ ಸಲ ಅಪ್ಪನ ಬ್ಲೇಡು ಕದ್ದವನದು.
ಯಾರು ಯಾರೆಂದು ನನಗೇನು ಗೊತ್ತು.
ಕೈಯಲ್ಲಿದ್ದುದನ್ನು ತಿರುಗಿಸಿ ತಿರುಗಿಸಿ ನೋಡಿದೆ:
ಸುತ್ತಿಗೆ, ದವಡೆ, ಉಳಿ, ಸೀಳು, ತೂತು.
ಇದಕ್ಕೊಂದು ತುದಿ
ಅದರಲ್ಲಿ ಇರಲಿಲ್ಲ.

ಅಡುಗೆಮನೆಯಿಂದ ದೋಸೆ ಮಗುಚುವ ಸಟ್ಟುಗ ತಂದೆ.
ಮೊಣಕಾಲೂರಿ, ಒಂದೂ ಕುಯ್ಯದ ಹಾಗೆ,
ಮೂರು ಕಾಫಿ ಡಬ್ಬಿ ತುಂಬಿದೆವು.
ಹೊತ್ತು ಮುಳುಗಿದಾಗ ಸಿಗ್ನೆ ಸೋಡಾ ಸೀಸೆ ತಂದು
ತೂತಿಗೆ ಸಿಕ್ಕಿಸಿದಳು.
ಅದು ತಿರುಪಿನ ಮುಚ್ಚಳ. ಕೈಯಲ್ಲೇ ಬಂತು.

ಸೋಮವಾರ ಮೊದಲ ನಿಲ್ದಾಣ.
ಹೊಸ ಬಸ್ಸುಗಳಿಗೆ ಗುಂಡಿಯಿದೆ, ನನ್ನದಕ್ಕೆ ಇನ್ನೂ ಸನ್ನೆ.
ಎಳೆದೆ. ಮಣಿಕಟ್ಟು ನರಳಿತು, ಬಾಗಿಲು ಬಿಚ್ಚಿಕೊಂಡಿತು.
ಒಂದನೇ ಕ್ಲಾಸಿನವನು ಮೆಟ್ಟಿಲಲ್ಲೇ ನಿಂತು ನೋಡಿದ:
ಎರಡು ದಿನದಲ್ಲಿ
ಇಷ್ಟು ಮುದುಕಿ ಹೇಗಾದೆ?
ಕೂದಲು ಕೊಡವಿಕೊಂಡೆ.
ಗಾರೆ ಉದುರಿತು, ಸ್ವಲ್ಪ.