ಎಡಗೆನ್ನೆ

ಗಾಯ ಬಲಗಡೆ. ಹೊಲಿಗೆ ಬಿಚ್ಚಿ ಹನ್ನೊಂದು ವಾರ.
ರೈಫಲಿನ ಬುಡವನ್ನು ಅಲ್ಲಿಗೆ ಒತ್ತಿದರೆ
ಹಲ್ಲುಗಳ ನಡುವೆ ಒಂದು ತಂತಿ ಮಿಡಿಯುತ್ತದೆ.
ಗ್ರೇಟ್ ಫಾಲ್ಸ್‌ನ ಡಾಕ್ಟರು ಕೇಳಿದ್ದರು:
ತೋಳು ಎತ್ತಲು ಬರುತ್ತಾ, ತಲೆ ಬಾಚಲು ಬರುತ್ತಾ?
ನೆಲದಳಿಲು ಹೊಡೆಯಲು ಬರುತ್ತಾ ಅನ್ನುವುದು
ಅವರ ಪಟ್ಟಿಯಲ್ಲಿ ಇರಲಿಲ್ಲ.

ಏಪ್ರಿಲ್ ಯಾರಿಗೂ ಕಾಯುವುದಿಲ್ಲ.
ಹಿಮ ಕರಗಿದ ಕಡೆಯೆಲ್ಲ ಮಣ್ಣಿನ ಗುಪ್ಪೆ,
ಗುಪ್ಪೆಗೊಂದು ಬಾಯಿ, ಬಾಯಿಗೊಂದು ಸಿಳ್ಳೆ.
ಕುದುರೆಮೆಂತೆಯ ಹೊಲ ಪೂರ್ತಿ ಜರಡಿ.
ಹೋದ ವರ್ಷ ನಮ್ಮ ಕಂದು ಹೆಣ್ಣುಕುದುರೆಯ ಮುಂಗಾಲು
ಅಂಥದೊಂದು ತೂತಿಗೆ ಇಳಿದು ಲಟಕ್ಕೆಂದಿತು.
ಅವತ್ತು ಅದಕ್ಕೆ ಗುಂಡು ಹಾಕಿದ್ದೂ ನಾನೇ,
ಬಲಹೆಗಲಿನಿಂದ.

ಹಾಗಾಗಿ ಅಡುಗೆಮನೆಯ ಮೇಜಿನ ಮೇಲೆ
ಅಪ್ಪನ ರೈಫಲು. ನಳಿಗೆ ಬಿಚ್ಚಿಟ್ಟ ಮೇಲೆ ಬರೀ ಮರ,
ಆಕ್ರೋಟಿನ ಮರ, ಒಂದು ಮಗುವಿನಷ್ಟು ಭಾರ.
ಎಡಮಗ್ಗುಲಲ್ಲಿ ಅಂಗೈಯಗಲ ಕಪ್ಪು ಮಚ್ಚೆ:
ಮೂವತ್ತು ವಸಂತ ಅಪ್ಪ ಕೆನ್ನೆಯಿಟ್ಟ ಜಾಗ.

ಹಾಲ್ವರ್ ಮಾಂಸ ಕಟ್ಟುವ ದಾರ ತಂದು
ನನ್ನ ಎಡ ಮೊಣಕೈಯ ಮಡಿಕೆಯಿಂದ ತೋರುಬೆರಳಿಗೆ ಹಿಡಿದ,
ದರ್ಜಿಯಂತೆ ಬಾಯಲ್ಲಿ ಪೆನ್ಸಿಲ್ಲು.
"ನಿನಗಿದು ಯಾವತ್ತೂ ಉದ್ದವೇ ಇತ್ತು ಕಣೇ," ಅಂದ,
"ಒಂದೂಕಾಲು ಅಂಗುಲ."
ಇಪ್ಪತ್ತು ವರ್ಷ ಕತ್ತು ಚಾಚಿ ಚಾಚಿ ಹೊಡೆದೆ.
ನನ್ನ ಗುರಿಯ ದೋಷ ಅಂದುಕೊಂಡಿದ್ದು
ಅಪ್ಪನ ತೋಳಿನ ಅಳತೆ.

ಗರಗಸ ನಾನೇ ಹಿಡಿದೆ, ಎಡಗೈಯಲ್ಲಿ.
ಅದು ಕುಡಿದವರಂತೆ ವಾಲಿತು. ನೋಡಲಾರದೆ
ಹಾಲ್ವರ್ ಕರುಗಳಿಗೆ ನೀರಿಡಲು ಹೋದ.
ಬುಡದಿಂದ ಬಿದ್ದ ತುಂಡು ಒಲೆಗೆ ಹೋಗಬೇಕಿತ್ತು.
ತಿರುಗಿಸಿ ನೋಡಿದೆ:
ಕೆನ್ನೆಯಷ್ಟಗಲ.
ಅಂಟು ಬಳಿದು ಬಲಮಗ್ಗುಲಿಗೆ ಕೂರಿಸಿ
ಸೈಕಲ್ ಟ್ಯೂಬಿನಲ್ಲಿ ಬಿಗಿದು ರಾತ್ರಿಯಿಡೀ
ಉಬ್ಬುತ್ತಿದ್ದ ಬ್ರೆಡ್ಡಿನ ಹಿಟ್ಟಿನ ಪಕ್ಕ ಬೆಚ್ಚಗಿಟ್ಟೆ.

ಆಮೇಲೆ ನಾಲ್ಕು ಸಂಜೆ ಅರ.
ಒರಟು ಅರ, ನಯ ಅರ, ಮರಳುಕಾಗದ.
ಉಜ್ಜು, ಎತ್ತು, ಕಣ್ಣು ಮುಚ್ಚಿ ಕೆನ್ನೆಯಿಡು,
ಕಣ್ಣು ತೆರೆ: ದುರ್ಬೀನಿನೊಳಗೆ ಅರ್ಧ ಕತ್ತಲೆ.
ಇನ್ನೂ ಎತ್ತರ. ಉಜ್ಜು.
ಕಣ್ಣು ಎಲ್ಲಿ ಕೂರುತ್ತದೆಂದು ನೋಡಲು ಕನ್ನಡಿ ಬೇಕು.
ಮೂರು ತಿಂಗಳಿಂದ ಅದಕ್ಕೆ ಟವೆಲು ಹಾಕಿದ್ದೆ.
ತೆಗೆದೆ, ರೈಫಲಿಗಾಗಿ.
ಉಳಿದದ್ದೂ ಕಂಡಿತು.
ಉಜ್ಜು.

ಅಪ್ಪನ ಮಚ್ಚೆಗೆ ಅರ ಮುಟ್ಟಿಸಲಿಲ್ಲ.
ಮಮತೆ ಅನ್ನಬೇಡಿ. ಆ ಮಗ್ಗುಲು ಈಗ ಹೊರಗೆ,
ಗಾಳಿಗೆ; ಅಲ್ಲಿ ನನಗೆ ಕೆಲಸವಿಲ್ಲ.
ಅಗಸೆ ಎಣ್ಣೆ ಬಳಿಯುವಾಗ ಮಾತ್ರ
ಎರಡೂ ಕಡೆಗೆ ಸಮ ಬಳಿದೆ.
ಅಂಟಿಸಿದ ತುಂಡಿನ ನಾರು ಅಡ್ಡ.
ಜಾಸ್ತಿ ಎಣ್ಣೆ ಕುಡಿದು ಜಾಸ್ತಿ ಕಪ್ಪಾಯಿತು,
ತೇಪೆಯೆಂದು ಕೊಟ್ಟಿಗೆಯ ಬಾಗಿಲಿಂದಲೇ ಗೊತ್ತಾಗುತ್ತದೆ.
ಗೊತ್ತಾಗಲಿ.

ಶನಿವಾರ. ಹೊಲದಂಚಿನಲ್ಲಿ ಗೋಣಿ ಹಾಸಿ ಬೋರಲು ಮಲಗಿದೆ,
ಎಡಕ್ಕೆ ವಾಲಿ.
ಬೋಲ್ಟು ಎಳೆಯಲು ಬಲಗೈ ಇನ್ನೂ ಬೇಕು;
ಅಷ್ಟು ಕೆಲಸ ಅದಕ್ಕೂ ಇರಲಿ.
ಇನ್ನೂರು ಗಜದಾಚೆ ಒಂದು ಎದ್ದು ನಿಂತಿತು,
ಮುಂಗೈ ಮಡಚಿಕೊಂಡು, ಬಸ್ಸು ಕಾಯುವವರ ಹಾಗೆ.
ಮೊದಲನೆಯದು ಮಣ್ಣಿಗೆ.
ಎರಡನೆಯದೂ ಮಣ್ಣಿಗೆ.
ಮೂರನೆಯದಕ್ಕೆ ಸಿಳ್ಳೆ ನಿಂತಿತು.
ಬೇಲಿಕಂಬದ ಗಿಡುಗ ಇಳಿದು ಬಂತು,
ಇಷ್ಟು ಹೊತ್ತು ನನ್ನ ಮೇಲೆ ಸಾಲ ಇತ್ತೇನೋ ಅನ್ನುವಂತೆ.

"ಕೂತಿತಾ?" ಅಂದ ಹಾಲ್ವರ್, ಹಿಂದಿನಿಂದ.
ಕೆನ್ನೆ ಎತ್ತಲಿಲ್ಲ.
ಕೂತಿದೆ. ದವಡೆ ಮೂಳೆಯ ಹತ್ತಿರ ಮಾತ್ರ
ಇನ್ನೊಂದು ನೂಲು ತೆಗೀಬೇಕು.